ಎತ್ತಿನ ಬಾಲದ ಕೂದಲಲ್ಲಿ ಶೇಂಗಾ ಹೊಟ್ಟು

ಪ್ರಶ್ನೆ: ಗುರುಗಳೇ, ನಮ್ಮ ಹೊಲ ಯಡಹಳ್ಳಿ ಚಿಂಕಾರ ಅಭಯಾರಣ್ಯದ ಮಗ್ಗುಲಿಗೇ ಇದೆ. ರಾತ್ರಿ ಯಾವುದೋ ಪ್ರಾಣಿ ಗೋವಿನಜೋಳ ಮೇಯ್ದು ಹೋಗುತ್ತಿದೆ. ಊರವರು ಚಿಂಕಾರ ಎನ್ನುತ್ತಾರೆ. ಬೇಲಿಮುಳ್ಳಿಗೆ ಸಿಕ್ಕ ಕೂದಲನ್ನು ಕಾಗದದಲ್ಲಿ ಕಟ್ಟಿಟ್ಟಿದ್ದೇನೆ. ಕೂದಲಿನ ಐಸೊಟೋಪ್ ಪರೀಕ್ಷಿಸಿದರೆ ಪ್ರಾಣಿ ಏನು ತಿಂದಿದೆ ಎಂದು ತಿಳಿಯುತ್ತದಂತೆ, ನಿಜವೇ?
– ಬೀಳಗಿ ತಾಲ್ಲೂಕಿನ ರೈತ

ಉತ್ತರ: ನಿಜ. ಆದರೆ ನಿಮ್ಮ ತಕರಾರಿಗೆ ಅದು ಅರೆಸಾಕ್ಷಿ.

ಗಾಳಿಯಲ್ಲಿರುವ ಇಂಗಾಲದ ಸಾವಿರ ಪರಮಾಣುಗಳಲ್ಲಿ ಸುಮಾರು ಹನ್ನೊಂದು ತುಸು ಭಾರದವು, ಇಂಗಾಲ-13. ಒಂದೇ ಧಾತುವಿನ, ಹೀಗೆ ತೂಕ ಬೇರೆಯಾದ ಪರಮಾಣುಗಳಿಗೇ ಐಸೊಟೋಪ್ ಎನ್ನುವುದು. ತೊಗರಿ, ಕಡಲೆ, ಶೇಂಗಾ, ಜಾಲಿ, ಬಾರಿಗಿಡ ಇವೆಲ್ಲ ಭಾರದ್ದನ್ನು ಆದಷ್ಟು ಬಿಟ್ಟು ಹಗುರವನ್ನೇ ಹೀರುತ್ತವೆ. ಜೋಳ, ಗೋವಿನಜೋಳ, ಸಜ್ಜೆ, ಕಬ್ಬು ಅಷ್ಟು ಆರಿಸುವುದಿಲ್ಲ. ಪ್ರಯೋಗಾಲಯದ ಅಳತೆಯಲ್ಲಿ (ಅಂಕ ಮೇಲಿದ್ದಷ್ಟೂ ಭಾರದ್ದು ಹೆಚ್ಚು) ಮೊದಲ ಗುಂಪು ಮೈನಸ್ 27ರ ಆಸುಪಾಸು, ಎರಡನೆಯದು ಮೈನಸ್ 12–13ರ ಆಸುಪಾಸು ನಿಲ್ಲುತ್ತದೆ. ತಿಂದವರ ಮೈಗೂ ಆ ಗುರುತು ದಾಟುತ್ತದೆ. ಕೂದಲಲ್ಲಿ ಮೇವಿಗಿಂತ ಸುಮಾರು 3 ಅಂಕ ಮೇಲೆ.

ನಮ್ಮ ಮನೆಯಲ್ಲಿ ಒಂದು ಮುದಿ ಎತ್ತು ಇತ್ತು. ಅದರ ಬಾಲದ ಕೂದಲು ಗೇಣು ಮೀರಿ ಉದ್ದ. ದನದ ಬಾಲದ ಕೂದಲು ತಿಂಗಳಿಗೆ ಎರಡು ಸೆಂಟಿಮೀಟರ್ ಆಜುಬಾಜು ಬೆಳೆಯುತ್ತದೆ ಎಂದರೆ, ಆ ಒಂದು ಎಳೆಯಲ್ಲಿ ಒಂದು ವರ್ಷದ ದಿನಚರಿ ಇರುತ್ತದೆ. ಬುಡ ಈ ತಿಂಗಳದ್ದು, ತುದಿ ಹಳೆಯದು. ಅದನ್ನು ಸೆಂಟಿಮೀಟರಿಗೊಂದರಂತೆ ಕತ್ತರಿಸಿ ಅಳೆದಿದ್ದರೆ, ಜೋಳದ ಕಣಿಕೆ ಹಾಕಿದ ತಿಂಗಳು ಮೇಲಕ್ಕೆ, ಕಣಿಕೆ ತೀರಿ ಶೇಂಗಾ ಹೊಟ್ಟಿನಲ್ಲಿ ದಿನ ನೂಕಿದ ತಿಂಗಳು ಕೆಳಕ್ಕೆ ಕಾಣುತ್ತಿತ್ತು. ಮಾಡಲಿಲ್ಲ, ಅದು ಸತ್ತ ದಿನ ಕತ್ತರಿ ಹಿಡಿಯುವ ಮನಸ್ಸಾಗಲಿಲ್ಲ.

ಈಗ ನಿಮ್ಮ ಪುಡಿಕೆಗೆ ಬರೋಣ. ಚಿಂಕಾರ ಹೆಚ್ಚಾಗಿ ಗಿಡಗಂಟಿಯ ಸೊಪ್ಪು ತಿನ್ನುವ ಪ್ರಾಣಿ, ಅದರ ಅಂಕ ಕೆಳಗಿರಬೇಕು. ಮೇಲಕ್ಕೇರಿದ್ದರೆ ಗೋವಿನಜೋಳದ ಮೇಲೆ ಅನುಮಾನ ಬರುತ್ತದೆ. ಆದರೆ ನಮ್ಮ ಬಯಲಿನ ಹುಲ್ಲುಗಳೂ ಬಹುಪಾಲು ಜೋಳದ ಗುಂಪಿನವೇ! ಹುಲ್ಲು ಮೇಯುವ ಕೃಷ್ಣಮೃಗ ನಿಮ್ಮ ಹೊಲದತ್ತ ಮುಖ ಹಾಕದಿದ್ದರೂ ಅಂಕ ಮೇಲೆಯೇ ಇರುತ್ತದೆ. ಇತ್ತ ನೀವು ತೊಗರಿ ಬಿತ್ತಿದ್ದರೆ ಕಳ್ಳ ಪತ್ತೆಯೇ ಆಗುತ್ತಿರಲಿಲ್ಲ, ಏಕೆಂದರೆ ತೊಗರಿಗೂ ಜಾಲಿಗೂ ಒಂದೇ ಗುರುತು. ನಿನ್ನೆ ರಾತ್ರಿಯ ಊಟವಂತೂ ಇನ್ನೂ ಕೂದಲಿಗೆ ಇಳಿದಿರುವುದಿಲ್ಲ.

ಸಾರಜನಕದ ಐಸೊಟೋಪ್ ಸ್ವಲ್ಪ ನೆರವಾದೀತು. ಹೊಲದಲ್ಲಿ ಕುರಿ ನಿಲ್ಲಿಸಿ ಗೊಬ್ಬರ ಮಾಡಿಸಿದ್ದೀರಾ? ಗೊಬ್ಬರದಿಂದ ಅಮೋನಿಯ ಆರಿಹೋಗುವಾಗ ಹಗುರ ಸಾರಜನಕ ಮೊದಲು ಹೋಗುತ್ತದೆ, ಭಾರದ್ದು ಮಣ್ಣಿನಲ್ಲಿ ಉಳಿದು ಬೆಳೆಗೆ, ಬೆಳೆಯಿಂದ ತಿಂದವರ ಕೂದಲಿಗೆ ಏರುತ್ತದೆ. ಬರೀ ಯೂರಿಯಾ ಹಾಕಿದ ಹೊಲದಲ್ಲಿ ಇದು ಇಷ್ಟು ಎದ್ದು ಕಾಣುವುದಿಲ್ಲ. ಆದರೂ ನಾನು ನಿಮ್ಮ ಜಾಗದಲ್ಲಿದ್ದರೆ ಬೆಳಗಿನ ಜಾವ ಹೆಜ್ಜೆ, ಹಿಕ್ಕೆ ನೋಡುತ್ತಿದ್ದೆ. ನನ್ನ ಗುಮಾನಿ ಕಾಡುಹಂದಿಯ ಮೇಲೆ.

ಪ್ರಶ್ನೆ: ಆನೆ ಹುಲ್ಲು ತಿನ್ನುವುದನ್ನು ಕಣ್ಣಾರೆ ಕಾಣುತ್ತೇವೆ. ಮತ್ತೆ ಅದರ ಮೂಳೆಯ ಐಸೊಟೋಪ್ ಏಕೆ ಅಳೆಯಬೇಕು?
– ಖಾನಾಪುರದ ಓದುಗರು

ಉತ್ತರ: ಬಾಯಿಗೆ ಹೋದದ್ದೆಲ್ಲ ಮೈಗೆ ಹತ್ತುವುದಿಲ್ಲವಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಅವರು ಆರ್. ರಮೇಶ್ ಅವರೊಂದಿಗೆ 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆನೆಯ ಮೂಳೆಯಲ್ಲಿನ ಪ್ರೋಟೀನ್ ಆದ ಕೊಲಾಜನ್‌ನಲ್ಲಿ ಹುಲ್ಲಿಗಿಂತ ಮರಗಿಡಗಳ ಇಂಗಾಲವೇ ಹೆಚ್ಚು ಕಂಡಿತು.

ಪ್ರಶ್ನೆ: ಈ ಇಂಗಾಲ-13 ವಿಕಿರಣ ಸೂಸುತ್ತದೆಯೇ? ಈ ಪರೀಕ್ಷೆ ಎಷ್ಟು ಹಳೆಯದಕ್ಕೆ ನಡೆಯುತ್ತದೆ?
– ವಿಜಯಪುರದ ವಿದ್ಯಾರ್ಥಿನಿ

ಉತ್ತರ: ವಿಕಿರಣ ಸೂಸುತ್ತ ಕ್ಷಯಿಸುವುದು ಇಂಗಾಲ-14. ಇಂಗಾಲ-13 ಇದ್ದಂತೆಯೇ ಇರುತ್ತದೆ. ಹಲ್ಲಿನ ಎನಾಮಲ್ ಕೆಡದಿದ್ದರೆ ಲಕ್ಷಾಂತರ ವರ್ಷ ದಾಟಿದರೂ ಓದಬಹುದು. ಶಿವಾಲಿಕ್ ಬೆಟ್ಟಗಳ ಪಳೆಯುಳಿಕೆ ಹಲ್ಲುಗಳಲ್ಲಿ, ಸುಮಾರು 70–80 ಲಕ್ಷ ವರ್ಷಗಳ ಹಿಂದೆ ಪ್ರಾಣಿಗಳು ಸೊಪ್ಪಿನಿಂದ ಹುಲ್ಲಿಗೆ ಹೊರಳಿದ್ದು ಹೀಗೆಯೇ ಗೊತ್ತಾಯಿತು.

ಪ್ರಶ್ನೆ: ಆಲಮಟ್ಟಿ ಹಿನ್ನೀರಿಗೆ ಬರುವ ಪಟ್ಟೆತಲೆ ಹೆಬ್ಬಾತಿನ ಗರಿ ಸಿಕ್ಕಿದೆ. ಉಪಯೋಗವುಂಟೇ?
– ಬಾಗಲಕೋಟೆಯ ಓದುಗರು

ಉತ್ತರ: ರೆಕ್ಕೆಯ ಗರಿಯಾಗಿದ್ದರೆ ಉಂಟು. ಆ ಗರಿ ಮೊಳೆತದ್ದು ಮಧ್ಯ ಏಷ್ಯಾದ ಕಡೆ, ಮರಿ ಮಾಡುವ ಜಾಗದಲ್ಲಿ. ಅದರ ಹೈಡ್ರೋಜನ್‌ನಲ್ಲಿರುವುದು ಅಲ್ಲಿನ ಮಳೆಯ ಗುರುತು, ಕೃಷ್ಣೆಯದಲ್ಲ.