ಖಹ್ವಾ, ಗಹ್ವಾ, ಅಹ್ವಾ

ಊರಿನಲ್ಲಿ ಪುಸ್ತಕ ಹಿಡಿದು ಅರಬ್ಬಿ ಕಲಿತು ಶಾರ್ಜಾಕ್ಕೆ ಬಂದರೆ, ಇಲ್ಲಿ ಕಾಫಿಗೆ ನೆರೆಮನೆಯವರು ‘ಗಹ್ವಾ’ ಎನ್ನುತ್ತಾರೆ, ಕಚೇರಿಯ ಈಜಿಪ್ಟಿನವರು ‘ಅಹ್ವಾ’ ಎನ್ನುತ್ತಾರೆ, ನಾನು ಕಲಿತ ‘ಖಹ್ವಾ’ ಎಲ್ಲಿಗೆ ಹೋಯಿತು, ಮತ್ತೆ ಮೊದಲಿನಿಂದ ಕಲಿಯಬೇಕೇ ಎಂದು ಕೇಳಿದ್ದೀರಿ. ಬೇಕಾಗಿಲ್ಲ. ಬದಲಾಗುವುದು ಬೆರಳೆಣಿಕೆಯಷ್ಟು ಅಕ್ಷರಗಳು ಮಾತ್ರ, ಅದಕ್ಕೂ ಒಂದು ಕ್ರಮವಿದೆ. ಇದು ಹೊಳೆಯಲು ಇಲ್ಲಿ ನೆಲೆಸಿದ ಮೇಲೂ ನನಗೆ ಕೆಲವು ವರ್ಷಗಳೇ ಹಿಡಿದವು.

ನೀವಿರುವ ಊರಿನ ಹೆಸರನ್ನೇ ನೋಡಿ. ಅರಬ್ಬಿ ಫಲಕದಲ್ಲಿ ‘ಅಶ್ಶಾರಿಖಾ’ ಎಂದಿರುತ್ತದೆ. (ಇದು ನಮ್ಮ ಮಹಾಪ್ರಾಣ ಖ ಅಲ್ಲ, ಕಿರುನಾಲಗೆಯ ಬಳಿ ಹುಟ್ಟುವ ಕ, ಬರೆಯಲು ಬೇರೆ ದಾರಿ ತೋರಲಿಲ್ಲ.) ಸ್ಥಳೀಯರ ಬಾಯಲ್ಲಿ ಖಾಫ್ ಎಂಬ ಆ ಅಕ್ಷರ ಇಕಾರದ ನೆರೆಯಲ್ಲಿ ಜ ಆಗುವುದುಂಟು, ಹಾಗಾಗಿಯೇ ‘ಶಾರ್ಜಾ’. ಉಳಿದ ಪದಗಳಲ್ಲಿ ಸಾಮಾನ್ಯವಾಗಿ ಅದು ಗ ಆಗುತ್ತದೆ: ಹೃದಯಕ್ಕೆ ‘ಖಲ್ಬ್’ ಹೋಗಿ ‘ಗಲ್ಬ್’. ಕೈರೋ, ದಮಾಸ್ಕಸ್, ಬೈರೂತ್ ನಗರಗಳಲ್ಲಿ ಖಾಫ್ ನುಂಗಿಹೋಗಿ ಗಂಟಲಿನ ಒಂದು ತಡೆ ಮಾತ್ರ ಉಳಿಯುತ್ತದೆ.

ನನ್ನನ್ನು ಬಹುಕಾಲ ಕಾಡಿದ್ದು ಜೀಮ್ ಎಂಬ ಜ ಅಕ್ಷರ. ಎಮಿರಾತಿಗಳು, ಅಂದರೆ ಇಲ್ಲಿನ ಸ್ಥಳೀಯ ಅರಬರು, ಅದನ್ನು ಯ ಮಾಡುತ್ತಾರೆ, ಆದ್ದರಿಂದ ‘ಮಸ್ಜಿದ್’ ಎಂಬುದು ‘ಮಸ್ಯಿದ್’, ಕೋಳಿಗೆ ‘ದಜಾಜ್’ ಎಂಬುದು ‘ದಿಯಾಯ್’. ಕೈರೋದವರು ಅದೇ ಜೀಮನ್ನು ಗ ಎನ್ನುವುದರಿಂದ ಒಂಟೆಗೆ ‘ಜಮಲ್’ ಹೋಗಿ ‘ಗಮಲ್’ ಬರುತ್ತದೆ. ಗಕಾರ ಕಿವಿಗೆ ಬಿದ್ದಾಗ ಮಾತನಾಡುತ್ತಿರುವವರು ಯಾವ ಊರಿನವರೆಂದು ಮೊದಲು ನೋಡಿಕೊಳ್ಳಿ: ಎಮಿರಾತಿಯ ಗ ಸಾಮಾನ್ಯವಾಗಿ ಖಾಫ್, ಕೈರೋದವರ ಗ ಜೀಮ್.

ಕಾಫ್ ಎಂಬ ಸಾದಾ ಕ ಕೊಲ್ಲಿಯಲ್ಲಿ ಎಷ್ಟೋ ಪದಗಳಲ್ಲಿ ಚ ಆಗುತ್ತದೆ. ನಮ್ಮ ‘ಕಿವಿ’ ತೆಲುಗಿನಲ್ಲಿ ‘ಚೆವಿ’ ಆದ ಬಗೆಯೇ ಇದು. ನಾಲಗೆಯ ಮುಂಭಾಗದಲ್ಲಿ ಹುಟ್ಟುವ ಸ್ವರ ಪಕ್ಕದಲ್ಲಿದ್ದರೆ ಕ ಅದರತ್ತ ಸರಿಯುತ್ತದೆ. ಹಾಗಾಗಿ ನಾಯಿಗೆ ‘ಕಲ್ಬ್’ ಎನ್ನದೆ ‘ಚಲ್ಬ್’ ಎನ್ನುತ್ತಾರೆ, ಗಂಡಸನ್ನು ‘ಶ್ಲೋನಕ್’ ಎಂದು ಕುಶಲ ಕೇಳಿದರೆ ಹೆಂಗಸನ್ನು ‘ಶ್ಲೋನಿಚ್’ ಎಂದು ಕೇಳುತ್ತಾರೆ. ಹೊಸಬರ ನಾಲಗೆಯಲ್ಲಿ ಹೃದಯವೂ ನಾಯಿಯೂ ಒಂದೇ ಆಗಿಬಿಡುವ ಪೇಚು ನಿಮಗೂ ಎದುರಾದೀತು. ‘ಗಲ್ಬ್’ ಮತ್ತು ‘ಚಲ್ಬ್’ ಎಂದು ಕಲಿತುಕೊಂಡರೆ ಅದು ತಪ್ಪುತ್ತದೆ.

ಬರೆಯುವಾಗ ಪುಸ್ತಕದ ರೂಪವನ್ನು ಬಿಡಬೇಡಿ, ಅದು ಎಲ್ಲ ಅರಬರಿಗೂ ತಿಳಿಯುತ್ತದೆ. ಮಾತಿನಲ್ಲಿ ನೆರೆಮನೆಯವರ ‘ಗಹ್ವಾ’ವನ್ನೇ ರೂಢಿಸಿಕೊಳ್ಳಿ. ಈಜಿಪ್ಟಿನ ಸಹೋದ್ಯೋಗಿಗಳ ‘ಅಹ್ವಾ’ ಕೇಳಿ ಅರ್ಥವಾದರೆ ಸದ್ಯಕ್ಕೆ ಸಾಕು.