ಸಮ ಬಂದ ಕೈ ಯಾರದ್ದು? ಇಸ್ಪೀಟಿನ ಬಗ್ಗೆ ನಿಮ್ಮ ಪ್ರಶ್ನೆಗಳು

ಯುಗಾದಿ ಮುಗಿದ ಮೇಲೆ ಬಂದ ಪತ್ರಗಳಲ್ಲಿ ಇಸ್ಪೀಟಿನ ಪ್ರಶ್ನೆಗಳೇ ಜಾಸ್ತಿ. ಅದರಲ್ಲೂ ಪೋಕರ್. ಬಳ್ಳಾರಿ, ರಾಯಚೂರು, ಕೊಪ್ಪಳ, ಮೂರೂ ಜಿಲ್ಲೆಯವರು ಬರೆದಿದ್ದೀರಿ. ಒಬ್ಬೊಬ್ಬರು ಒಂದೊಂದು ರೀತಿ ಕೇಳಿದ್ದರೂ ತಕರಾರು ಒಂದೇ: ಇಬ್ಬರ ಕೈ ಸಮ ಬಂದರೆ ಪಾಟ್, ಅಂದರೆ ಪಣಕ್ಕಿಟ್ಟ ರಾಶಿ, ಯಾರಿಗೆ ಹೋಗಬೇಕು? ಹಾಗಾಗಿ ಈ ಸಲದ ಅಂಕಣ ಪೂರ್ತಿ ಇದಕ್ಕೇ.

ಪ್ರಶ್ನೆ: ಹಬ್ಬಕ್ಕೆ ಅಕ್ಕನ ಮನೆಗೆ ಹೋಗಿದ್ದೆ. ಹುಣಸೆ ಬೀಜ ಇಟ್ಟುಕೊಂಡು ಟೆಕ್ಸಸ್ ಹೋಲ್ಡೆಮ್ ಆಡಿದೆವು. ನಡುವೆ ಬಿದ್ದದ್ದು ಎರಡು ರಾಜ, ಎರಡು ಒಂಬತ್ತು, ಒಂದು ಎಕ್ಕ. ನನ್ನ ಕೈಯಲ್ಲಿ ಎಂಟರ ಜೋಡಿ. ಭಾವನ ಕೈಯಲ್ಲಿ ಐದು ಮತ್ತು ನಾಲ್ಕು, ಏನೂ ಇಲ್ಲ. ನನಗೆ ಮೂರು ಜೋಡಿ, ಅವರಿಗೆ ಎರಡೇ. ಆದರೂ ಸಮ ಅಂತ ಹೇಳಿ ಅರ್ಧ ಬೀಜ ತಗೊಂಡರು. ಇದು ನ್ಯಾಯಾನಾ? (ಗಂಗಾವತಿಯ ಓದುಗರು)

ಉತ್ತರ: ನ್ಯಾಯವೇ. ನಿಮ್ಮ ಭಾವ ಹೇಳಿದ್ದು ಸರಿ. ಪೋಕರ್‌ನಲ್ಲಿ ಮೂರು ಜೋಡಿ ಅಂತ ಒಂದು ಕೈಯೇ ಇಲ್ಲ.

ಹೋಲ್ಡೆಮ್‌ನಲ್ಲಿ ನಿಮ್ಮ ಹತ್ತಿರ ಎರಡು ಎಲೆ, ನಡುವೆ ಎಲ್ಲರಿಗೂ ಸೇರಿದ ಐದು ಎಲೆ, ಒಟ್ಟು ಏಳು. ಆ ಏಳರಲ್ಲಿ ಒಳ್ಳೆಯ ಐದನ್ನು ಆರಿಸಿಕೊಳ್ಳಬೇಕು. ಐದೇ. ಆರನೆಯದು, ಏಳನೆಯದು ಎಷ್ಟೇ ದೊಡ್ಡದಿರಲಿ, ಮೇಜಿನ ಮೇಲೆ ಅವು ಇಲ್ಲವೇ ಇಲ್ಲ ಅಂತ ತಿಳಿಯಿರಿ. ನಿಮ್ಮ ಒಳ್ಳೆಯ ಐದು ಯಾವುದು? ರಾಜ, ರಾಜ, ಒಂಬತ್ತು, ಒಂಬತ್ತು, ಎಕ್ಕ. ಭಾವನದ್ದೂ ಅದೇ. ಇಬ್ಬರೂ ನಡುವಿನ ಎಲೆಗಳನ್ನೇ ಆಡಿದ ಹಾಗಾಯಿತು, ಕೈಯಲ್ಲಿದ್ದದ್ದು ಯಾರಿಗೂ ಉಪಯೋಗಕ್ಕೆ ಬರಲಿಲ್ಲ. ಆದ್ದರಿಂದ ಸಮ ಪಾಲು.

ಇದೇ ಲೆಕ್ಕವನ್ನು ಸ್ವಲ್ಪ ಮುಂದಕ್ಕೆ ತಗೊಂಡು ಹೋಗೋಣ. ನಡುವೆ ಎಕ್ಕದ ಬದಲು ಮೂರು ಬಿದ್ದಿತ್ತು ಅಂದುಕೊಳ್ಳಿ. ಆಗ ನಿಮ್ಮ ಐದನೇ ಎಲೆ ಎಂಟು, ಭಾವನದ್ದು ಐದು. ಪೂರ್ತಿ ಪಾಟ್ ನಿಮ್ಮದು. ಆದರೆ ಗಮನಿಸಿ, ಗೆದ್ದದ್ದು ಎಂಟರ ಜೋಡಿಯಿಂದಲ್ಲ, ಒಂದೇ ಒಂದು ಎಂಟರಿಂದ. ಇನ್ನೊಂದು ಎಂಟು ಸುಮ್ನೆ ಕೂತಿದೆ. ಅದೇ ಹೊತ್ತಿಗೆ ಭಾವನ ಕೈಯಲ್ಲಿ ಎಕ್ಕ ಮತ್ತು ನಾಲ್ಕು ಇದ್ದಿದ್ದರೆ? ರಾಜ, ರಾಜ, ಒಂಬತ್ತು, ಒಂಬತ್ತು ಜೊತೆಗೆ ಎಕ್ಕ ಸೇರಿ ಅವರೇ ಗೆಲ್ಲುತ್ತಿದ್ದರು. ಕೈಯಲ್ಲೇ ಜೋಡಿ ಹಿಡಿದು ಬಂದವರು ಬರೀ ಎಕ್ಕ ಹಿಡಿದವರಿಗೆ ಸೋಲುವುದು ನೋಡೋಕೆ ವಿಚಿತ್ರ ಅನ್ನಿಸುತ್ತೆ, ಅಲ್ವಾ? ಐದು ಎಲೆ ಜೋಡಿಸಿಟ್ಟು ನೋಡಿದರೆ ವಿಚಿತ್ರ ಏನೂ ಇಲ್ಲ.

ಪ್ರಶ್ನೆ: ಇಬ್ಬರಿಗೂ ಎಕ್ಕದ ಜೋಡಿ ಬಂದಿತ್ತು. ನಡುವೆ ಎಕ್ಕ, ರಾಣಿ, ಗುಲಾಮ, ಒಂಬತ್ತು, ಐದು. ಯಾರಿಗೂ ಕಲರ್ (ಐದೂ ಎಲೆ ಒಂದೇ ಜಾತಿ) ಇಲ್ಲ. ನನ್ನ ಇನ್ನೊಂದು ಎಲೆ ಆರು, ಅವನದ್ದು ಮೂರು. ಆರು ದೊಡ್ಡದಲ್ವಾ? ನಾನು ಗೆದ್ದೆ ತಾನೇ? (ಸಿರುಗುಪ್ಪದ ಓದುಗರು)

ಉತ್ತರ: ಇಲ್ಲ, ಇದೂ ಸಮವೇ. ಜೋಡಿ ಸಮ ಬಂದರೆ ಉಳಿದ ಎಲೆಗಳನ್ನು ದೊಡ್ಡದರಿಂದ ಶುರು ಮಾಡಿ ಒಂದೊಂದಾಗಿ ಹೋಲಿಸಬೇಕು. ಈ ಜೋಡಿಯಾಗದ ಎಲೆಗೆ ಕಿಕ್ಕರ್ ಅನ್ನುತ್ತಾರೆ. ಒಂದು ಜೋಡಿಗೆ ಎರಡು ಎಲೆ ಹೋದರೆ ಉಳಿಯುವುದು ಮೂರು ಕಿಕ್ಕರ್‌ಗೆ ಮಾತ್ರ ಜಾಗ. ಇಲ್ಲಿ ಆ ಮೂರು ಜಾಗವನ್ನು ರಾಣಿ, ಗುಲಾಮ, ಒಂಬತ್ತು ಹಿಡಿದುಬಿಟ್ಟಿವೆ, ಅವು ಇಬ್ಬರಿಗೂ ಸೇರಿದ್ದು. ನಿಮ್ಮ ಆರಕ್ಕೆ ಕೂರಲು ಜಾಗವೇ ಸಿಗಲಿಲ್ಲ. ಆರರ ಬದಲು ನಿಮ್ಮ ಹತ್ತಿರ ಹತ್ತು ಇದ್ದಿದ್ದರೆ ಒಂಬತ್ತನ್ನು ಎಬ್ಬಿಸಿ ತಾನು ಕೂರುತ್ತಿತ್ತು, ಪಾಟ್ ನಿಮ್ಮದಾಗುತ್ತಿತ್ತು.

ಪ್ರಶ್ನೆ: ನಮ್ಮ ರೂಮಿನಲ್ಲಿ ಕೈ ಸಮ ಬಂದರೆ ಇಸ್ಪೀಟು ಎಕ್ಕ ಇದ್ದವನೇ ಗೆಲ್ಲುವುದು. ಆಮೇಲೆ ಹಾರ್ಟ್, ಆಮೇಲೆ ಡೈಮಂಡ್, ಕೊನೆಗೆ ಕಳಾವರ್. ಇದು ಸರಿಯಾದ ನಿಯಮವೇ? (ಬಳ್ಳಾರಿಯ ಓದುಗರು)

ಉತ್ತರ: ಈ ಪ್ರಶ್ನೆಗೆ ನಾನು ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕಂದರೆ ಈ ತಪ್ಪನ್ನು ನಾನೇ ಮಾಡಿದ್ದೇನೆ.

ಬಳ್ಳಾರಿ ಕೋಟೆಗುಡ್ಡದ ಹತ್ತಿರ ಒಂದು ಬಾಡಿಗೆ ರೂಮಿನಲ್ಲಿ ನಾವು ಐದು ಜನ ಇದ್ದೆವು. ಮೇ ತಿಂಗಳ ಮಧ್ಯಾಹ್ನ ಹೊರಗೆ ಕಾಲಿಡುವ ಹಾಗಿರುತ್ತಿರಲಿಲ್ಲ. ಕಿಟಕಿಗೆ ಒದ್ದೆ ಬಟ್ಟೆ ಕಟ್ಟಿ, ಮಂಡಕ್ಕಿ ಒಗ್ಗರಣೆ, ಮಿರ್ಚಿ ತಂದಿಟ್ಟುಕೊಂಡು, ಶೇಂಗಾ ಬೀಜ ಪಣಕ್ಕಿಟ್ಟು ಆಡುತ್ತಿದ್ದೆವು. ಒಂದು ದಿನ ಇಬ್ಬರಿಗೆ ಒಂದೇ ಸೀಕ್ವೆನ್ಸ್ ಬಂತು, ಹತ್ತರಿಂದ ಎಕ್ಕದ ತನಕ. ಒಬ್ಬನ ಹತ್ತಿರ ಇಸ್ಪೀಟು ಎಕ್ಕ, ಇನ್ನೊಬ್ಬನ ಹತ್ತಿರ ಕಳಾವರ್ ಎಕ್ಕ. ತೀರ್ಪು ಹೇಳು ಅಂತ ನನ್ನನ್ನು ಕೇಳಿದರು. ಇಸ್ಪೀಟು ದೊಡ್ಡದು ಅಂತ ನಾನು ಹೇಳಿದೆ. ಪಣಕ್ಕಿದ್ದದ್ದು ಬರೀ ಶೇಂಗಾ. ಆದರೂ ಸೋತವನ ಮುಖ ಸಪ್ಪಗಾಯಿತು, ತಾನು ಎಲ್ಲಿ ತಪ್ಪಿದೆ ಅಂತ ಅವನಿಗೆ ಗೊತ್ತೇ ಆಗಲಿಲ್ಲ. ಅವನು ಎಲ್ಲೂ ತಪ್ಪಿರಲಿಲ್ಲ. ಅರ್ಧ ಪಾಟ್ ಅವನದ್ದೇ ಆಗಿತ್ತು. ಆ ಮುಖ ನನಗೆ ಇನ್ನೂ ನೆನಪಿದೆ.

ಪೋಕರ್‌ನಲ್ಲಿ ನಾಲ್ಕೂ ಜಾತಿಯ ಎಲೆಗಳು ಸಮ. ಕೈಗಳನ್ನು ಹೋಲಿಸುವಾಗ ಇಸ್ಪೀಟು ಮೇಲು, ಕಳಾವರ್ ಕೀಳು ಅನ್ನುವುದು ಇಲ್ಲ. ಕಾರಣ ತುಂಬಾ ಸರಳ. ಯಾವ ಕೈ ಅಪರೂಪವೋ ಅದು ದೊಡ್ಡದು, ಇಡೀ ಆಟ ನಿಂತಿರುವುದು ಇದರ ಮೇಲೆ. 52 ಎಲೆಯಲ್ಲಿ ಐದೈದು ಎಲೆಯ ಕೈಗಳು ಒಟ್ಟು 25,98,960 ಆಗುತ್ತವೆ. ಅವುಗಳಲ್ಲಿ ಫ್ಲಶ್, ಅಂದರೆ ನಮ್ಮವರ ಮಾತಿನಲ್ಲಿ ಕಲರ್, 5,108. ಅದನ್ನು ನಾಲ್ಕರಿಂದ ಭಾಗಿಸಿ ನೋಡಿ: ಇಸ್ಪೀಟಿನಲ್ಲಿ 1,277, ಕಳಾವರ್‌ನಲ್ಲೂ 1,277. ಒಂದು ಇನ್ನೊಂದಕ್ಕಿಂತ ಅಪರೂಪವಲ್ಲ. ಹಾಗಿರುವಾಗ ಒಂದಕ್ಕೆ ಮೇಲಿನ ಸ್ಥಾನ ಯಾಕೆ ಕೊಡಬೇಕು?

ನೀವು ಹೇಳಿದ ಸಾಲು ಎಲ್ಲಿಂದಲೋ ಹುಟ್ಟಿದ್ದಲ್ಲ, ಅದೂ ನಿಜ. ಬ್ರಿಡ್ಜ್ ಆಟದಲ್ಲಿ ಕೂಗುವಾಗ ಜಾತಿಗಳಿಗೆ ಇದೇ ಕ್ರಮ ಇದೆ. ಪೋಕರ್‌ನಲ್ಲೂ ಎರಡು ಸಣ್ಣ ಕೆಲಸಕ್ಕೆ ಅದನ್ನು ಬಳಸುತ್ತಾರೆ. ಮೊದಲು ಯಾರು ಎಲೆ ಹಂಚಬೇಕು ಅಂತ ಒಂದೊಂದು ಎಲೆ ಎತ್ತಿ ನೋಡುವಾಗ ಇಬ್ಬರಿಗೆ ಒಂದೇ ಅಂಕೆ ಬಂದರೆ, ಮತ್ತೆ ಸ್ಟಡ್ ಅನ್ನುವ ಬಗೆಯಲ್ಲಿ ಮೊದಲ ಪಣ ಯಾರು ಕಟ್ಟಬೇಕು ಅಂತ ಗೊತ್ತು ಮಾಡುವಾಗ. ಪಾಟ್ ಯಾರದ್ದು ಅನ್ನುವುದಕ್ಕೆ ಬಳಸುವಂತಿಲ್ಲ. ದಯವಿಟ್ಟು ನಿಮ್ಮ ರೂಮಿನ ನಿಯಮವನ್ನು ಇವತ್ತೇ ಬಿಡಿ.

ಪ್ರಶ್ನೆ: ನಡುವೆ ಹಾರ್ಟ್‌ನ ಎಕ್ಕ, ಹತ್ತು, ಏಳು. ಮಿಕ್ಕ ಎರಡು ಬೇರೆ ಜಾತಿಯ ಸಣ್ಣ ಎಲೆ. ನನ್ನ ಹತ್ತಿರ ಹಾರ್ಟ್ ರಾಜ ಮತ್ತು ಎರಡು. ಗೆಳೆಯನ ಹತ್ತಿರ ಹಾರ್ಟ್ ರಾಣಿ ಮತ್ತು ಗುಲಾಮ. ಇಬ್ಬರಿಗೂ ಕಲರ್. ಅವನ ಎರಡೂ ಎಲೆ ದೊಡ್ಡವು, ನನ್ನದರಲ್ಲಿ ಎರಡರ ಎಲೆ ತೀರಾ ಸಣ್ಣದು. ಯಾರು ಗೆದ್ದದ್ದು? (ರಾಯಚೂರು ಶಕ್ತಿನಗರದ ಓದುಗರು)

ಉತ್ತರ: ನೀವೇ. ಎಲೆಗಳನ್ನು ಕೂಡಿಸಿ ಮೊತ್ತ ನೋಡುವ ಪದ್ಧತಿ ಪೋಕರ್‌ನಲ್ಲಿ ಇಲ್ಲ. ಮೇಲಿನಿಂದ ಒಂದೊಂದೇ ಎದುರುಬದುರು ಇಡಬೇಕು. ನಿಮ್ಮದು ಎಕ್ಕ, ರಾಜ, ಹತ್ತು, ಏಳು, ಎರಡು. ಅವನದ್ದು ಎಕ್ಕ, ರಾಣಿ, ಗುಲಾಮ, ಹತ್ತು, ಏಳು. ಎಕ್ಕಕ್ಕೆ ಎಕ್ಕ ಸರಿಹೋಯಿತು. ಎರಡನೆಯದರಲ್ಲಿ ರಾಜ ರಾಣಿಗಿಂತ ದೊಡ್ಡದು. ಅಲ್ಲಿಗೆ ಮುಗಿಯಿತು, ಮೂರನೇ ಎಲೆಯನ್ನು ನೋಡುವುದೇ ಬೇಡ. ನಡುವಿನ ಐದೂ ಎಲೆ ಒಂದೇ ಜಾತಿ ಬಿದ್ದರೆ? ಅವುಗಳಲ್ಲಿ ಅತಿ ಸಣ್ಣದಕ್ಕಿಂತ ದೊಡ್ಡದಾದ ಅದೇ ಜಾತಿಯ ಎಲೆ ಹಿಡಿದವರು ಇದ್ದಾರಾ ಅಂತ ನೋಡಬೇಕು. ಯಾರೂ ಇಲ್ಲದಿದ್ದರೆ ಆಗ ಉಳಿದವರಿಗೆಲ್ಲ ಸಮ ಪಾಲು.

ಪ್ರಶ್ನೆ: ಇಬ್ಬರ ಕೈಯಲ್ಲೂ ಎಕ್ಕ-ಎಕ್ಕ ಇದ್ದರೆ ಯಾವಾಗಲೂ ಸಮವೇ ಆಗುತ್ತಾ? (ರಾಯಚೂರಿನ ಕಾಲೇಜು ವಿದ್ಯಾರ್ಥಿ)

ಉತ್ತರ: ಹೆಚ್ಚು ಕಡಿಮೆ ಯಾವಾಗಲೂ. ಲೆಕ್ಕ ಹಾಕಿದರೆ 100ಕ್ಕೆ 95ಕ್ಕಿಂತ ಸ್ವಲ್ಪ ಜಾಸ್ತಿ ಸಲ ಪಾಟ್ ಎರಡು ಪಾಲಾಗುತ್ತದೆ. ಮಿಕ್ಕ ನಾಲ್ಕು ಚಿಲ್ಲರೆ ಸಲ ಏನಾಗುತ್ತದೆ ಅನ್ನುವುದು ನನಗೆ ತುಂಬಾ ಇಷ್ಟವಾದ ಲೆಕ್ಕ. ನಾಲ್ಕೂ ಎಕ್ಕ ನಿಮ್ಮಿಬ್ಬರ ಹತ್ತಿರವೇ ಇವೆ, ಅಂದರೆ ನಾಲ್ಕೂ ಜಾತಿ ಇಬ್ಬರಲ್ಲಿ ಹಂಚಿಹೋಗಿವೆ. ನಡುವೆ ಒಂದೇ ಜಾತಿಯ ನಾಲ್ಕು ಎಲೆ ಬಿದ್ದರೆ ಆ ಜಾತಿಯ ಎಕ್ಕ ಹಿಡಿದವರಿಗೆ ಕಲರ್ ಆಗುತ್ತದೆ, ಅವರು ಗೆಲ್ಲುತ್ತಾರೆ. ಯಾರಿಗೆ ಆ ಜಾತಿ ಸಿಕ್ಕಿದೆ ಅನ್ನುವುದು ಬರೀ ಅದೃಷ್ಟ, ಇಬ್ಬರಿಗೂ ಅವಕಾಶ ಸಮ.

ಪ್ರಶ್ನೆ: ಸಮ ಪಾಲು ಅಂತೀರಿ, ಬೀಜ ಬೆಸ ಸಂಖ್ಯೆಯಲ್ಲಿದ್ದರೆ? ಇನ್ನೊಂದು. ಒಬ್ಬ ತನ್ನ ಹತ್ತಿರ ಇದ್ದದ್ದೆಲ್ಲ ಹಾಕಿ ಆಲ್ ಇನ್ ಆಗಿದ್ದ, ಅವನೂ ಮತ್ತೊಬ್ಬನೂ ಸಮ ಬಂದರು. ಹಂಚೋಕೆ ಕೂತರೆ ರಾತ್ರಿಯಾಯಿತು. ದುಡ್ಡಿಟ್ಟು ಆಡಿದ್ದರೆ ಇನ್ನೂ ಕಷ್ಟವಾಗುತ್ತಿತ್ತು. (ಸಿಂಧನೂರಿನ ಓದುಗರು)

ಉತ್ತರ: ದುಡ್ಡಿಲ್ಲದೆ ಆಡಿದ್ದು ಒಳ್ಳೆಯದಾಯಿತು. ಮೊಬೈಲಿನಲ್ಲಿ ಹಣ ಕಟ್ಟಿ ಆಡುವ ಆಟಗಳನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ನಿಷೇಧಿಸಿದೆ. ಅದು ಕೌಶಲದ ಆಟ, ಅದೃಷ್ಟದ ಆಟ ಅಂತ ಭೇದ ಮಾಡುವುದಿಲ್ಲ. ಹಣ ಇಟ್ಟು ಆಡಿ ಮನೆ ಕೆಡಿಸಿಕೊಂಡವರನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಹುಣಸೆ ಬೀಜವೇ ಇರಲಿ.

ಬೆಸ ಬೀಜದ ಮಾತು. ಬೀಜದ ಬದಲು ಚಿಪ್ (ಪಣದ ಬಿಲ್ಲೆ) ಇಟ್ಟು ಆಡುತ್ತಿದ್ದರೆ ಮೊದಲು ದೊಡ್ಡ ಬೆಲೆಯವನ್ನು ಬಿಡಿಸಿ ಚಿಲ್ಲರೆ ಮಾಡಬೇಕು. ಆಗಲೂ ಒಂದು ಉಳಿದರೆ, ಹೋಲ್ಡೆಮ್‌ನಲ್ಲಿ ಹಂಚುವವನ ಗುರುತಿನ ಎಡಗಡೆಯಿಂದ ನೋಡುತ್ತಾ ಹೋಗಿ, ಸಮ ಬಂದವರಲ್ಲಿ ಮೊದಲು ಸಿಗುವವರಿಗೆ ಅದನ್ನು ಕೊಡಬೇಕು. ಆ ಜಾಗದಲ್ಲಿ ಕೂತವರು ಪಣದ ವಿಷಯದಲ್ಲಿ ಮೊದಲೇ ತೀರ್ಮಾನ ಹೇಳಬೇಕಾಗುತ್ತದೆ, ಅದು ಕಷ್ಟದ ಜಾಗ. ಒಂದು ಬೀಜ ಅವರಿಗೆ ಹೋಗಲಿ ಬಿಡಿ, ನನಗಂತೂ ಅದು ಸರಿ ಅನ್ನಿಸುತ್ತದೆ.

ಆಲ್ ಇನ್ ಲೆಕ್ಕ ಎಡವುವುದು ಒಂದೇ ಕಡೆ: ಎರಡು ಗುಡ್ಡೆ ಮಾಡುವುದನ್ನು ಮರೆಯುತ್ತೇವೆ. ಮೊದಲನೆಯವನು 40 ಬೀಜ ಹಾಕಿ ಮುಗಿಸಿದ. ಎರಡನೆಯವನು, ಮೂರನೆಯವನು 100 ಹಾಕಿದರು. ಮೂವರಿಂದ ನಲವತ್ತು ನಲವತ್ತು ತೆಗೆದಿಟ್ಟರೆ 120, ಇದು ಮುಖ್ಯ ಗುಡ್ಡೆ. ಮಿಕ್ಕ ಅರವತ್ತು ಅರವತ್ತು ಸೇರಿ ಇನ್ನೊಂದು 120, ಇದಕ್ಕೆ ಮೊದಲನೆಯವನಿಗೆ ಹಕ್ಕಿಲ್ಲ. ಈಗ ಮೊದಲನೆಯವನು ಮತ್ತು ಎರಡನೆಯವನು ಸಮ, ಮೂರನೆಯವನು ಸೋತ. ಮುಖ್ಯ ಗುಡ್ಡೆಯಲ್ಲಿ ಇಬ್ಬರಿಗೂ 60. ಪಕ್ಕದ ಗುಡ್ಡೆಯ 120 ಪೂರ್ತಿ ಎರಡನೆಯವನಿಗೆ. ಎರಡನ್ನೂ ಒಟ್ಟಿಗೆ ಕಲೆಸಿ 240ನ್ನು ಅರ್ಧ ಮಾಡಿದರೆ, 40 ಬೀಜ ಹಾಕಿದವನು 120 ತಗೊಂಡು ಎದ್ದುಹೋಗುತ್ತಾನೆ, ಎರಡನೆಯವನಿಗೆ ಸಿಗಬೇಕಾದ 180ರಲ್ಲಿ 60 ಕಳೆದುಹೋಗುತ್ತದೆ. ಪಣ ಕಟ್ಟುವಾಗಲೇ ಗುಡ್ಡೆ ಬೇರೆ ಮಾಡಿ, ಆಮೇಲೆ ಲೆಕ್ಕ ಹುಡುಕಬೇಡಿ.

ಪ್ರಶ್ನೆ: ಫುಲ್ ಹೌಸ್‌ನಲ್ಲಿ (ಒಂದು ಅಂಕೆಯ ಮೂರು ಎಲೆ, ಇನ್ನೊಂದರ ಜೋಡಿ) ಮೂರು ಎಂಟು, ರಾಜನ ಜೋಡಿ ದೊಡ್ಡದೋ, ಮೂರು ಒಂಬತ್ತು, ಎರಡರ ಜೋಡಿ ದೊಡ್ಡದೋ? (ಹಟ್ಟಿಯ ಓದುಗರು)

ಉತ್ತರ: ಒಂಬತ್ತು ಇರುವ ಕೈ ದೊಡ್ಡದು. ಮೊದಲು ಮೂರರ ಗುಂಪು, ಅದು ಸಮವಾದರೆ ಮಾತ್ರ ಜೋಡಿ. ಎಲ್ಲರಿಗೂ ಬೇರೆ ಬೇರೆ ಐದು ಎಲೆ ಹಂಚುವ ಹಳೆಯ ಪೋಕರ್‌ನಲ್ಲಿ ಮೂರರ ಗುಂಪು ಸಮ ಆಗುವುದು ಸಾಧ್ಯವೇ ಇಲ್ಲ, ಒಂದು ಅಂಕೆಯ ಎಲೆ ಇರುವುದೇ ನಾಲ್ಕು. ಹೋಲ್ಡೆಮ್‌ನಲ್ಲಿ ನಡುವಿನ ಎಲೆ ಎಲ್ಲರದ್ದು, ಅದಕ್ಕೇ ಸಮ ಬರುವುದು ಅಲ್ಲಿ ಇಷ್ಟು ಜಾಸ್ತಿ.

ಪ್ರಶ್ನೆ: ನಮ್ಮ ಕಡೆ ಆಡುವುದು ತೀನ್ ಪತ್ತಿ. ಅಲ್ಲೂ ಸಮ ಬಂದರೆ ಅರ್ಧ ಅರ್ಧವೇ? ನಮ್ಮ ಚಿಕ್ಕಪ್ಪ ಶೋ ಕೇಳಿದವನಿಗೆ ಏನೂ ಇಲ್ಲ ಅನ್ನುತ್ತಾರೆ. (ಕೊಪ್ಪಳದ ಓದುಗರು)

ಉತ್ತರ: ಚಿಕ್ಕಪ್ಪ ಹೇಳುವುದೇ ಸಾಮಾನ್ಯವಾಗಿ ನಡೆಯುವ ಪದ್ಧತಿ. ಕೊನೆಗೆ ಉಳಿದ ಇಬ್ಬರಲ್ಲಿ ಒಬ್ಬರು ಪಣ ಕಟ್ಟಿ ಶೋ ಕೇಳುತ್ತಾರೆ. ಎಲೆ ತೆರೆದಾಗ ಸಮ ಬಂದರೆ ಕೇಳಿದವರು ಸೋತ ಹಾಗೆ, ಪಾಟ್ ಎದುರಿನವರಿಗೆ. ಶೋ ಕೇಳುವವರು ನನ್ನ ಕೈ ನಿನ್ನದಕ್ಕಿಂತ ದೊಡ್ಡದು ಅಂತ ಸವಾಲು ಹಾಕುತ್ತಾರೆ, ದೊಡ್ಡದು ಅಂತ ತೋರಿಸಲು ಆಗಲಿಲ್ಲ ಅಂದರೆ ಸವಾಲು ಬಿದ್ದುಹೋಯಿತು. ಪೋಕರ್‌ನಲ್ಲಿ ಕೊನೆಯಲ್ಲಿ ಎಲ್ಲರೂ ಎಲೆ ತೆರೆಯುತ್ತಾರೆ, ಸವಾಲು ಯಾರದ್ದು ಅನ್ನುವ ಲೆಕ್ಕ ಇಲ್ಲ, ಅದಕ್ಕೆ ಪಾಲು. ಒಂದರ ನಿಯಮವನ್ನು ಇನ್ನೊಂದಕ್ಕೆ ತರಬೇಡಿ. ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಜಗಳ ಹುಟ್ಟಿದ್ದೇ ಇಲ್ಲಿ.

ಇನ್ನೊಂದು ವ್ಯತ್ಯಾಸವನ್ನೂ ಹೇಳಿಬಿಡುತ್ತೇನೆ, ನೀವು ಕೇಳದಿದ್ದರೂ. ಪೋಕರ್‌ನಲ್ಲಿ ಎಕ್ಕ, ಎರಡು, ಮೂರು, ನಾಲ್ಕು, ಐದು ಬಂದರೆ ಅದು ಎಲ್ಲಕ್ಕಿಂತ ಸಣ್ಣ ಸೀಕ್ವೆನ್ಸ್, ಅಲ್ಲಿ ಎಕ್ಕ ಬರೀ ಒಂದು. ತೀನ್ ಪತ್ತಿಯಲ್ಲಿ ಎಕ್ಕ, ಎರಡು, ಮೂರನ್ನು ಬಹಳ ಮನೆಗಳಲ್ಲಿ ಎಕ್ಕ, ರಾಜ, ರಾಣಿಯ ನಂತರದ ಎರಡನೇ ಸ್ಥಾನಕ್ಕೆ ಇಡುತ್ತಾರೆ, ಕೆಲವರು ಅದನ್ನೇ ಮೊದಲು ಅನ್ನುತ್ತಾರೆ. ನಿಮ್ಮ ಮನೆಯದು ಯಾವುದು ಅಂತ ಎಲೆ ಹಂಚುವ ಮೊದಲೇ ಚಿಕ್ಕಪ್ಪನನ್ನು ಕೇಳಿ ಇಟ್ಟುಕೊಳ್ಳಿ.