ಹ್ಯಾಟೆಗೆ ಹುಳ ಬಿದ್ದರೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮದೊಂದು ನಾಟಿ ಹ್ಯಾಟೆ (ಹೆಣ್ಣುಕೋಳಿ) ಎರಡು ದಿನದಿಂದ ಒಡ್ಡಿಯ (ಕೋಳಿಗೂಡಿನ) ಮೂಲೆ ಬಿಟ್ಟು ಏಳುತ್ತಿರಲಿಲ್ಲ. ಇವತ್ತು ಎತ್ತಿ ನೋಡಿದರೆ ಬಾಲದ ಕೆಳಗೆ ಪುಕ್ಕವೆಲ್ಲ ಒದ್ದೆ, ಕೊಳೆತ ವಾಸನೆ, ಸಂದಿಯಲ್ಲಿ ಬಿಳಿ ಹುಳ ಮಿಜಿಗುಡುತ್ತಿವೆ. ದನದ ಹುಣ್ಣಿಗೆ ತಂದ ಟರ್ಪೆಂಟೈನ್ ಇದೆ, ಹಾಕಬಹುದೇ? (ಹೊಸನಗರ ಕಡೆಯ ಓದುಗರು)

ಉತ್ತರ: ಹಾಕಬೇಡಿ. ಎಮ್ಮೆಯ ಗೊರಸಿನ ಹುಣ್ಣಿಗೆ ನಡೆಯುವುದು ಕೋಳಿಗೆ ನಡೆಯುವುದಿಲ್ಲ. ಕೋಳಿಯ ಚರ್ಮ ಕಾಗದದಷ್ಟು ತೆಳು. ಟರ್ಪೆಂಟೈನ್ ಅದನ್ನು ಸುಡುತ್ತದೆ, ಒಳಗಿಳಿದು ವಿಷವಾಗುತ್ತದೆ. ಫಿನಾಯಿಲ್, ಸೀಮೆಎಣ್ಣೆ, ನುಸಿಗುಳಿಗೆಯ ಪುಡಿಗೂ ಇದೇ ಮಾತು. ಹುಳದ ಜೊತೆ ಕೋಳಿಯೂ ಹೋಗುತ್ತದೆ.

ಬೇಕಾದದ್ದು ಇಷ್ಟು: ಅಗಲ ಟಬ್ಬು, ಉಪ್ಪು, ಮೊಂಡು ತುದಿಯ ಕತ್ತರಿ, ಚಿಮುಟ, ಸೂಜಿಯಿಲ್ಲದ 10 ಮಿ.ಲೀ. ಸಿರಿಂಜು, ಹಳೆಯ ಬಿಳಿ ಪಂಚೆ. ಲೀಟರ್ ನೀರಿಗೆ ಎರಡು ಸಣ್ಣ ಚಮಚದಷ್ಟು (ಸುಮಾರು 9 ಗ್ರಾಂ) ಪುಡಿ ಉಪ್ಪು ಹಾಕಿ ಕರಗಿಸಿ. ಕೋಳಿಯ ಮೈಬಿಸಿ 41 ಡಿಗ್ರಿ ಸೆಲ್ಸಿಯಸ್ ಆಸುಪಾಸು, ನಮಗಿಂತ ಹೆಚ್ಚು. ಹಾಗಾಗಿ ನೀರು ಕೈಗೆ ಚೆನ್ನಾಗಿ ಬೆಚ್ಚಗೆ ತಾಗಬೇಕು. ತಣ್ಣೀರಿಗಿಟ್ಟರೆ ಮೊದಲೇ ಸೋತ ಕೋಳಿ ಚಳಿಗೇ ಸತ್ತೀತು.

ತಲೆ, ಎದೆ ಮೇಲಿರುವಂತೆ ಹಿಡಿದು ಹಿಂಭಾಗವನ್ನು ಹತ್ತು ಹದಿನೈದು ನಿಮಿಷ ನೀರಲ್ಲಿ ಇಳಿಸಿ. ಗಟ್ಟಿಯಾದ ಹಿಕ್ಕೆ ನೆನೆದು ಬಿಡುತ್ತದೆ, ಅರ್ಧಕ್ಕರ್ಧ ಹುಳ ತೇಲಿಬರುತ್ತದೆ. ಆಮೇಲೆ ಪುಕ್ಕವನ್ನು ಕತ್ತರಿಸಿ, ಕೀಳಬೇಡಿ. ಕಿತ್ತರೆ ಹುಳ ತಿಂದು ಮೆತ್ತಗಾದ ಚರ್ಮ ಪುಕ್ಕದ ಜೊತೆಗೇ ಬರುತ್ತದೆ. ಗಾಯದ ಅಂಚಿನಿಂದ ಎರಡು ಬೆರಳು ಆಚೆಯವರೆಗೆ ಬೋಳಾಗಬೇಕು; ಆಗಲೇ ಎಷ್ಟು ತೂತುಗಳಿವೆ ಎಂದು ಗೊತ್ತಾಗುವುದು. ಮೇಲೆ ಕಾಸಿನಗಲ ಕಾಣುವ ಗಾಯ ಚರ್ಮದ ಅಡಿಯಲ್ಲಿ ಅಂಗೈಯಗಲ ಟೊಳ್ಳಾಗಿರುವುದುಂಟು.

ತೂತಿನೊಳಗಿನ ಹುಳ ಎಳೆದರೆ ಬಾರದು. ಅದು ತಲೆಯನ್ನು ಮಾಂಸಕ್ಕೆ ಹುದುಗಿಸಿ ಬಾಲದ ತುದಿಯ ರಂಧ್ರಗಳಿಂದ ಉಸಿರಾಡುತ್ತದೆ. ಆ ತೂತಿನ ಬಾಯಿಗೆ ಕೊಬ್ಬರಿ ಎಣ್ಣೆಯೋ ವ್ಯಾಸಲೀನೋ ದಪ್ಪಗೆ ಮೆತ್ತಿ ಐದು ನಿಮಿಷ ಬಿಡಿ. ಉಸಿರು ಕಟ್ಟಿ ಬಾಲ ಹೊರಚಾಚಿದಾಗ ಚಿಮುಟದಲ್ಲಿ ಹಿಡಿದು ನಿಧಾನವಾಗಿ ಎಳೆಯಿರಿ. ತುಂಡಾಗಿ ಒಳಗುಳಿದರೆ ಕೀವಾಗುತ್ತದೆ. ಬಳಿಕ ಸಿರಿಂಜಿನಲ್ಲಿ ಉಪ್ಪುನೀರು ತುಂಬಿ ತೂತನ್ನು ಮೆಲ್ಲಗೆ ತೊಳೆಯಿರಿ. ಕೊನೆಗೊಮ್ಮೆ, ತಿಳಿ ಚಹಾದ ಬಣ್ಣ ಬರುವಷ್ಟು ಪೊವಿಡೋನ್ ಅಯೋಡಿನ್ ಬೆರೆಸಿದ ನೀರು. ಬಾಟಲಿಯಿಂದ ನೇರ ಸುರಿದರೆ ಹೊಸ ಮಾಂಸವೂ ಸುಡುತ್ತದೆ.

ಬಟ್ಟೆಯಲ್ಲಿ ಒತ್ತಿ ಒರೆಸಿ, ಪೂರಾ ಒಣಗಿಸಿ. ಆಷಾಢದಲ್ಲಿ ಬಿಸಿಲು ಕಾಯಬೇಡಿ, ಬಚ್ಚಲೊಲೆಯ ಹತ್ತಿರ ಹೊಗೆಯಿಲ್ಲದ ಕಡೆ ಕೂರಿಸಿ. ನಂತರ ಮನೆಯೊಳಗೇ ಬುಟ್ಟಿಯಲ್ಲಿ ಬಿಳಿ ಪಂಚೆ ಹಾಸಿ, ಮೇಲೆ ಸೊಳ್ಳೆಪರದೆ ಮುಚ್ಚಿ. ಬಿಳಿ ಬಟ್ಟೆ ಯಾಕೆಂದರೆ ಉದುರಿದ ಹುಳ ಎದ್ದು ಕಾಣುತ್ತದೆ; ಹುಲ್ಲು, ದರಗು ಹಾಸಿದರೆ ಕಾಣದು. ಕುಡಿಯಲು ಲೀಟರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕದಡಿದ ನೀರಿಡಿ.

ಹೆಚ್ಚಿನವರು ಸೋಲುವುದು ಇದರ ನಂತರ. ಒಮ್ಮೆ ತೆಗೆದು ಕೈತೊಳೆದುಕೊಳ್ಳುತ್ತಾರೆ. ಕಣ್ಣಿಗೆ ಬೀಳದ ನೊಣದ ಮೊಟ್ಟೆ ಒಂದು ದಿನದೊಳಗೆ ಒಡೆಯುತ್ತದೆ, ಸಂಜೆಗೆ ಹೊಸ ಹುಳ. ಹಾಗಾಗಿ ಬೆಳಿಗ್ಗೆ, ಸಂಜೆ ತೊಳೆದು ನೋಡಬೇಕು. ಎರಡು ದಿನ ಒಂದೂ ಹುಳ ಕಾಣದವರೆಗೆ.

ಹುಳ ಗುದದ್ವಾರದ ಒಳಕ್ಕೆ ಹೋಗಿದ್ದರೆ, ಹೊಟ್ಟೆಗೆ ತೂತು ಬಿದ್ದಿದ್ದರೆ ಮನೆಮದ್ದು ಸಾಲದು. ಹತ್ತಿರದ ಪಶು ಆಸ್ಪತ್ರೆಗೋ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೋ ಒಯ್ಯಿರಿ. ಅಲ್ಲಿಯೂ ಆಗದೆಂದರೆ ನರಳಿಸದೆ ಮುಗಿಸುವುದೇ ದಯೆ.

ಪ್ರಶ್ನೆ: ಗೂಡು ಸ್ವಚ್ಛವಾಗಿದೆ, ಆದರೂ ಹೀಗೇಕೆ? (ಅದೇ ಓದುಗರು)

ಉತ್ತರ: ಈ ಹುಳ ನೊಣದ ಮರಿ. ಮೊಟ್ಟೆಯಿಡುವ ಹೊಳೆಯುವ ಹಸಿರು ನೊಣ ವಾಸನೆ ಹುಡುಕಿ ಬರುತ್ತದೆ. ಜಡಿಮಳೆಯಲ್ಲಿ ಹಾರುವುದಿಲ್ಲ; ಪುನರ್ವಸು ಮಳೆಯ ನಡುವೆ ಒಂದು ದಿನ ಹೊಳವು ಕೊಟ್ಟು ಬಿಸಿಲು ಬಿದ್ದಾಗ, ಹಲಸಿನಹಣ್ಣು ಕೊಳೆತ ಮರದಡಿಯಿಂದ ನೇರ ಒಡ್ಡಿಗೆ ಬರುತ್ತದೆ. ಗೂಡಿಗಿಂತ ಕೋಳಿಯ ಹಿಂಭಾಗ ನೋಡಿ. ಹಿಕ್ಕೆ ಮೆತ್ತಿಕೊಂಡಿದ್ದರೆ ಹೊಟ್ಟೆಯ ಜಂತುಹುಳವೋ ಭೇದಿಯೋ ಇದೆ. ಬೆನ್ನಿನ ಮೇಲಾದರೆ ಹುಂಜದ ಕಾಲಿನ ಮುಳ್ಳು ಗೀರಿದ ಗಾಯ. ಮೊಟ್ಟೆ ಸಿಕ್ಕಿಕೊಂಡಿರಬಹುದು, ಗರ್ಭ ಹೊರಬಂದಿರಬಹುದು. ಅದನ್ನು ಸರಿಪಡಿಸದೆ ಹುಳ ಮಾತ್ರ ತೆಗೆದರೆ ಮುಂದಿನ ಹೊಳವಿಗೆ ಮತ್ತೆ ಇದೇ ಪಾಡು.

ಪುಕ್ಕದ ಬುಡದಲ್ಲಿ ಸಣ್ಣ ರವೆಯಂತೆ ಗುಪ್ಪೆಯಾಗಿ ಅಂಟಿರುವುದು ನೊಣದ ಮೊಟ್ಟೆ. ಹುಳ ಇನ್ನೂ ಬಂದಿಲ್ಲದಿದ್ದರೆ ಅದೃಷ್ಟ: ಆ ಪುಕ್ಕ ಕತ್ತರಿಸಿ, ಉಳಿದದ್ದನ್ನು ಹೇನಿನ ಬಾಚಣಿಗೆಯಲ್ಲಿ ಬಾಚಿ ತೆಗೆಯಿರಿ.

ಪ್ರಶ್ನೆ: ತೆಗೆದ ಹುಳವನ್ನು ಬೇರೆ ಕೋಳಿಗಳಿಗೆ ಹಾಕಿದೆ, ಚಪ್ಪರಿಸಿ ತಿಂದವು. ತೊಂದರೆಯಿದೆಯೇ? (ತೀರ್ಥಹಳ್ಳಿ)

ಉತ್ತರ: ಇನ್ನು ಮುಂದೆ ಹಾಕಬೇಡಿ. ಕೊಳೆತ ಮಾಂಸ, ಅದರಲ್ಲೂ ಸತ್ತ ಪ್ರಾಣಿಯ ಮೈಯಲ್ಲಿ ಬೆಳೆದ ಹುಳದಲ್ಲಿ ಬೊಟುಲಿಸಂ ವಿಷ ಇರಬಹುದು. ತಿಂದ ಕೋಳಿ ಕತ್ತು ಎತ್ತಲಾರದೆ ಜೋಲುಬಿದ್ದು ಸಾಯುತ್ತದೆ. ಎರಡು ಮೂರು ದಿನ ಕತ್ತು, ರೆಕ್ಕೆಯ ಮೇಲೆ ಗಮನವಿರಲಿ. ತೆಗೆದ ಹುಳವನ್ನು ಕುದಿಯುವ ನೀರಿಗೆ ಹಾಕಿ. ಗೊಬ್ಬರಗುಂಡಿಗೆ ಎಸೆದರೆ ಮಣ್ಣಲ್ಲಿ ಗೂಡುಕಟ್ಟಿ ನೊಣವಾಗಿ ವಾಪಸು ಬರುತ್ತವೆ. ಸತ್ತ ಕೋಳಿಯನ್ನು ಸುಣ್ಣ ಹಾಕಿ ಮೂರಡಿ ಆಳಕ್ಕೆ ಹೂಳಿ.

ಪ್ರಶ್ನೆ: ಔಷಧಿ ಅಂಗಡಿಯವರು ಹುಳ ಸಾಯಿಸುವ ಐವರ್‌ಮೆಕ್ಟಿನ್ ಇಂಜೆಕ್ಷನ್ ಕೊಟ್ಟಿದ್ದಾರೆ. ಎಷ್ಟು ಹಾಕಲಿ? (ಸಾಗರ)

ಉತ್ತರ: ನೀವೇ ಹಾಕಬೇಡಿ, ಲೆಕ್ಕ ನೋಡಿ. 1% ಸೀಸೆಯಲ್ಲಿ ಮಿ.ಲೀ.ಗೆ 10 ಮಿ.ಗ್ರಾಂ. ಸಾಮಾನ್ಯ ಪ್ರಮಾಣ ಕಿಲೋಗೆ 0.2 ಮಿ.ಗ್ರಾಂ. ಒಂದೂವರೆ ಕಿಲೋ ಹ್ಯಾಟೆಗೆ 0.03 ಮಿ.ಲೀ., ಅಂದರೆ ಒಂದು ತೊಟ್ಟು. ನಿಮ್ಮ 2 ಮಿ.ಲೀ. ಸಿರಿಂಜಿನ ಅತಿ ಸಣ್ಣ ಗೆರೆಯೇ 0.1, ಒಂದು ಗೆರೆ ಹಾಕಿದರೂ ಮೂರು ಪಟ್ಟು ಮೀರಿತು. ಪಶುವೈದ್ಯರು ಕೊಡುವುದಾದರೆ ಕೊಡಲಿ. ಎಷ್ಟು ದಿನ ಮೊಟ್ಟೆ ತಿನ್ನಬಾರದು ಎಂದು ಕೇಳಿಕೊಂಡು, ಆ ಮೊಟ್ಟೆಗಳನ್ನು ಸಂತೆಗೂ ಒಯ್ಯಬೇಡಿ.